ಏಣಿ, ಮೂರು

ನಾಗಾನೊ ಸೀಮೆಯ ಶಿಮೊಗವಾರದಲ್ಲಿ
ಹೊಳೆಯ ದಂಡೆ ಒಡೆದ ರಾತ್ರಿಯ ಲೆಕ್ಕ ಹೀಗಿದೆ:
ಸೇಬಿನ ಮರ ನಲವತ್ತೊಂದು,
ಬೆಳಿಗ್ಗೆ ನಿಂತಿದ್ದವು ಹದಿನಾರು.
ಔಷಧಿ ಹೊಡೆಯುವ ಗಾಡಿ ಒಂದು.
ಏಣಿ ಮೂರು. ಅದರಲ್ಲೊಂದು ಆಮೇಲೆ ಸಿಕ್ಕಿತು,
ಪಕ್ಕದೂರಿನ ಬುದ್ಧಗುಡಿಯ ಮಾಡಿನ ಮೇಲೆ.

ಕೆಸರು ಸೊಂಟದವರೆಗೆ.
ಬೇರಿಗೆ ಉಸಿರು ಕಟ್ಟದಿರಲೆಂದು
ಬುಡಬುಡವನ್ನೂ ಕೈಯಲ್ಲೇ ತೋಡಿದೆವು
ನಾನು, ನನ್ನ ತಂಗಿ ಮಿಸಾವೊ,
ಹೆಸರು ಹೇಳದೆ ಬಂದು ಹೆಸರು ಹೇಳದೆ ಹೋದ
ಒಸಾಕದ ಇಬ್ಬರು ಹುಡುಗರು.

ಸರಕಾರ ಪರಿಹಾರ ಕೊಟ್ಟಿತು. ಇಲ್ಲವೆನ್ನಲಾರೆ.
ಹದಿನಾಲ್ಕು ನಮೂನೆ, ಐದು ಮೊಹರು,
ಬಿದ್ದ ಮರದ ಫೋಟೊ, ನಾಲ್ಕೂ ದಿಕ್ಕಿನಿಂದ.
"ಬೀಳುವ ಮುಂಚಿನದೂ ಇದ್ದರೆ ಒಳ್ಳೆಯದು" ಅಂದ ಗುಮಾಸ್ತ.
ನಿಂತ ಮರದ ಫೋಟೊ ಯಾರು ತೆಗೆಯುತ್ತಾರೆ?
ಇದ್ದದ್ದು ಒಂದೇ, ನಮ್ಮ ಯಜಮಾನರು
ಏಣಿಯ ಮೇಲೆ, ಈ ಕಡೆ ಬೆನ್ನು ಮಾಡಿ.
ಅದನ್ನೇ ಅಂಟಿಸಿದೆ. ಅವರ ಬೆನ್ನಿನ ಮೇಲೆ ಬಿತ್ತು
'ಸ್ವೀಕರಿಸಲಾಗಿದೆ' ಎಂಬ ಕೆಂಪು ಠಸ್ಸೆ.

ಮರುವರ್ಷ, ಹೊಳೆ ಮುಟ್ಟದ ದಿಣ್ಣೆಯ ತೋಟದಲ್ಲಿ
ಮೊಮೊಸೆಯ ಹೊಸ ಗಾಡಿ, ಕೆಂಪು,
ಸೀಟಿನ ಪ್ಲಾಸ್ಟಿಕ್ಕು ಕೂಡ ತೆಗೆದಿಲ್ಲ.
ಯಾರೂ ಏನೂ ಅನ್ನಲಿಲ್ಲ. ನಮ್ಮಲ್ಲಿ ಅನ್ನುವುದಿಲ್ಲ.
ನೋಡುತ್ತೇವೆ, ಟೋಪಿ ಸರಿಮಾಡಿಕೊಂಡು ಮುಂದೆ ಹೋಗುತ್ತೇವೆ.

ನಾನು ಅರ್ಜಿ ಹಾಕಿದೆ: ಯಾರಿಗೆ, ಯಾವುದಕ್ಕೆ, ಎಷ್ಟು.
ಹಾಳೆಗೆ ಹತ್ತು ಯೆನ್, ಐವತ್ತೆರಡು ಹಾಳೆ.
ತಿಂಗಳಾದ ಮೇಲೆ ಬಂತು ಲಕೋಟೆ.
ಬಿಚ್ಚಿದರೆ ಹೆಸರು ಕಪ್ಪು, ಜಮೀನು ಕಪ್ಪು, ಮೊತ್ತ ಕಪ್ಪು.
ಬೆಳ್ಳಗೆ ಉಳಿದದ್ದು 'ಕ್ರಮಸಂಖ್ಯೆ', 'ಷರಾ'.
ಇಂಥ ಹಾಳೆಗೆ ನಮ್ಮ ಜನ ಬುತ್ತಿಯ ಹೆಸರಿಟ್ಟಿದ್ದಾರೆ,
ಅನ್ನದ ಮೇಲೆ ಅಂಚಿನಿಂದಂಚಿಗೆ ಕಡಲಪಾಚಿ ಹಾಸಿದ ಬುತ್ತಿ.
ಬುತ್ತಿಯಾದರೆ, ಪಾಚಿ ಎತ್ತಿದರೆ ಕೆಳಗೆ ಅನ್ನವಿರುತ್ತದೆ.

ಬಿಸಿಲಿಗೆ ಹಿಡಿದು ನೋಡಿದೆ.
ಮಸಿ ಬಳಿದು ಆಮೇಲೆ ನಕಲು ತೆಗೆದಿದ್ದಾರೆ, ಜಾಣರು.
ಸೂರ್ಯನಿಗೂ ಓದಲಾಗದು.
ಆ ಗಾಡಿ ಮೊಮೊಸೆಯ ಸ್ವಂತ ದುಡ್ಡಿನದೇ ಇರಬಹುದು.
ಕಪ್ಪು ಹಾಳೆ ಕಳ್ಳನನ್ನೂ ಮುಚ್ಚುತ್ತದೆ, ಕಳ್ಳನಲ್ಲದವನನ್ನೂ.

ಮೂವತ್ತೇಳನೆಯ ಹಾಳೆಯಲ್ಲಿ ಮಾತ್ರ
ಯಾರದೋ ಕೈ ಜಾರಿ ಒಂದು ತುಣುಕು ಉಳಿದಿತ್ತು:
'ಏಣಿ, ಮೂರು.'
ನನ್ನದೇ ಸಾಲು.
ನನ್ನ ಹೆಸರನ್ನು ನನ್ನಿಂದಲೇ ಬಚ್ಚಿಟ್ಟಿದ್ದರು,
ನನ್ನ ಒಳ್ಳೆಯದಕ್ಕೆಂದೇ.

ಮೂರು.
ಗುಡಿಯ ಮಾಡಿನ ಮೇಲೆ ಸಿಕ್ಕಿದ್ದನ್ನು ಕಳೆದಿರಲಿಲ್ಲ ನಾನು.
ಅರ್ಜಿ ಬರೆದಾಗ ಸಿಕ್ಕಿರಲಿಲ್ಲ, ನಿಜ.
ಹಣ ಬಂದಾಗ ಸಿಕ್ಕಿತ್ತು,
ಗೋಡೆಗೆ ಒರಗಿ ನಿಂತಿತ್ತು, ಅದೂ ನಿಜ.

ಕಚೇರಿಗೆ ಹೋಗಿ, ಏಣಿಯ ಹಣ ವಾಪಸು ತಗೊಳ್ಳಿ ಅಂದೆ.
ಗುಮಾಸ್ತ ಕಪಾಟು ತಡಕಿದ, ಒಳಗೆ ಹೋದ, ಬಂದ.
ಒಂದೇ ಒಂದು ಏಣಿ ಹಿಂದಿರುಗಿಸುವ ನಮೂನೆ ಇಲ್ಲವಂತೆ.
"ದಯವಿಟ್ಟು ಇದನ್ನು ದೊಡ್ಡದು ಮಾಡಬೇಡಿ"
ಅಂದ, ನಡು ಬಗ್ಗಿಸಿ.

ಅದಕ್ಕೇ ರಸ್ತೆಬದಿಯ ನಮ್ಮ ಸೇಬಿನ ಗೂಡಂಗಡಿಯಲ್ಲಿ,
ಕಾಯುವವರಿಲ್ಲದ, ಡಬ್ಬಿಗೆ ದುಡ್ಡು ಹಾಕಿ
ಚೀಲ ಒಯ್ಯುವ ಜಾಗದಲ್ಲಿ,
ರಟ್ಟಿನ ಮೇಲೆ ಬರೆದು ತೂಗುಹಾಕಿದ್ದೇನೆ:
ಯಾಜಿಮಾ ತೊಮಿಯೆ.
ಸಸಿಗೆ ಬಂದದ್ದು ಇಷ್ಟು, ಗಾಡಿಗೆ ಇಷ್ಟು, ಒಂದು ಯೆನ್ ಬಿಡದೆ.
ಏಣಿ ಎರಡಕ್ಕೆ ಸರಿ.
ಮೂರನೆಯದರ ಹದಿನೆಂಟು ಸಾವಿರ
ನನ್ನದಲ್ಲ, ನನ್ನ ಬಳಿ ಇದೆ.

ಮಿಸಾವೊಗೆ ನಾಚಿಕೆ. ಒಂದು ವಾರ
ಈ ದಾರಿಯನ್ನೇ ಬಿಟ್ಟು ಸುತ್ತಿ ಹೋದಳು.
ಮಳೆಗೆ ಅಕ್ಷರ ಇಳಿದುಹೋಗುತ್ತದೆ. ಮತ್ತೆ ಬರೆಯುತ್ತೇನೆ.

ನಿನ್ನೆ ಮೊಮೊಸೆ ತನ್ನ ಪುಟ್ಟ ಟ್ರಕ್ಕು ನಿಲ್ಲಿಸಿದ.
ಸೇಬು ಬೆಳೆಯುವವನಿಗೆ ನನ್ನ ಸೇಬು ಯಾಕೆ?
ನಿಂತು ಓದಿದ. ಮೇಲಿನಿಂದ ಇನ್ನೊಮ್ಮೆ ಓದಿದ.
ಟೋಪಿಗೆ ಕೈಹಾಕಿದ.
ಸರಿಮಾಡಿಕೊಳ್ಳಲಿಲ್ಲ, ತೆಗೆದ.
ಒಂದು ಚೀಲ ಎತ್ತಿಕೊಂಡ.
ಕಿಟಕಿಯ ಹಿಂದೆ ನಿಂತು
ಡಬ್ಬಿಗೆ ಬಿದ್ದ ನಾಣ್ಯ ಎಣಿಸಿದೆ
ಒಂದು, ಎರಡು,
ತುಸು ತಡೆದು
ಮೂರು.

ಬೆಲೆ ಅಷ್ಟೇ.